ಮಾಸ್ತರರೂ ಕಲಿಯಬೇಕು

(ಶಿರೋಳದಲ್ಲಿ ರೈತರು ಮತ್ತು ಶಾಲಾ ಸಮಿತಿಯ ಸದಸ್ಯರು ಕೂಡಿದ್ದ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಕಡಲೆಯ ರಾಶಿ ಮುಗಿದು ಜೋಳದ ಕೊಯ್ಲು ನಡೆದಿರುವ ಈ ದಿನಗಳಲ್ಲಿ ಕೆಲಸ ಬಿಟ್ಟು ಬಂದು ಕುಳಿತಿದ್ದೀರಿ. ನಿಮ್ಮ ಹೊತ್ತನ್ನು ಹೆಚ್ಚಾಗಿ ತೆಗೆದುಕೊಳ್ಳುವದಿಲ್ಲ.

ಈಗ ಇಲ್ಲಿಗೆ ಬರುವ ಮುಂಚೆ ಚಹಾದ ಅಂಗಡಿಯಲ್ಲಿ ಒಬ್ಬ ಹಿರಿಯರು ನನ್ನನ್ನು ತಡೆದು ಒಂದು ಮಾತು ಕೇಳಿದರು. “ಸರ್ರ, ಮಾಸ್ತರು ಸಾಲ್ಯಾಗ ಫೋನ್ ಹಿಡಕೊಂಡ ಕುಂತಿರ್ತಾರ. ಕೇಳಿದ್ರ, ಕಲೀಲಿಕ್ಕೆ ಹತ್ತೇನಿ ಅಂತಾರ. ಕಲಿಸೂದು ಬಿಟ್ಟು ಕಲಿಯೂದು ಎಂಥಾದ್ರೀ?” ನಾನು ಆಡಬೇಕೆಂದು ಬರೆದುಕೊಂಡು ಬಂದ ಮಾತುಗಳನ್ನೆಲ್ಲ ಕಿಸೆಯಲ್ಲಿಟ್ಟು ಈ ಪ್ರಶ್ನೆಗೇ ಉತ್ತರ ಹೇಳುವದು ಮೇಲೆಂದು ನನಗೆ ತೋರಿದೆ. ಹಿರಿಯರ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಉಳಿದರ್ಧದ ಬಗ್ಗೆ ನನ್ನದೇ ಕಥೆಯನ್ನು ಹೇಳಬೇಕು.

ನಾನು 1986ರಲ್ಲಿ ನೌಕರಿಗೆ ಸೇರಿದಾಗ ಒಂದು ಚಿಕ್ಕ ಹಳ್ಳಿಯ ಸಾಲಿಗೆ ನಾನೊಬ್ಬನೇ ಮಾಸ್ತರ. ನಾಲ್ಕು ವರ್ಗ, ಒಂದು ಕೋಣೆ, ಒಂದು ಹಲಗೆ. ಧಾರವಾಡದಿಂದ ‘ಜೀವನ ಶಿಕ್ಷಣ’ ಬರುತ್ತಿತ್ತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಬರುತ್ತಿತ್ತು. ಟಪಾಲಿನವನು ತಂದುಕೊಟ್ಟ ದಿನ ನನಗೆ ಹಬ್ಬ. ಆದರೆ ಪತ್ರಿಕೆಯನ್ನು ಓದಬಹುದೇ ಹೊರತು ಅದಕ್ಕೆ ಪ್ರಶ್ನೆ ಕೇಳಿ ಅಂದೇ ಉತ್ತರ ಪಡೆಯಲು ಬರುವದಿಲ್ಲ. ನಾನು ಹೇಳಿದ್ದು ತಪ್ಪೋ ಸರಿಯೋ ಎಂದು ನೋಡುವವರು ಯಾರೂ ಇರಲಿಲ್ಲ. ನೀವಾದರೆ ಬದುವಿನ ಮೇಲೆ ನಿಂತು ಪಕ್ಕದ ಹೊಲದ ಬೆಳೆಯನ್ನು ನೋಡುತ್ತೀರಿ. ಅವನ ಕೂರಿಗೆ ಎಷ್ಟು ಆಳ ಹೋಯಿತು, ಯಾವ ಬೀಜ ಹಾಕಿದ ಎಂದು ಕೇಳುತ್ತೀರಿ. ಮಾಸ್ತರನ ಹೊಲಕ್ಕೆ ಬದುವೇ ಇಲ್ಲ. ನಾಲ್ಕು ಗೋಡೆಗಳ ಒಳಗೆ ಏನು ಬಿತ್ತಿದನೆಂಬದು ಇನ್ನೊಬ್ಬ ಮಾಸ್ತರನಿಗೆ ಕಾಣುವದಿಲ್ಲ.

ಹಾಗಿರುವಾಗ ನಾನು ಒಂದು ತಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಲಿಸಿದೆ. “ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆರಳು ಬೀಳುವದಿಲ್ಲ” ಎಂದು ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, “ಸರ, ನಮ್ಮ ಹೊಲದಾಗಿನ ಬೇವಿನ ಗಿಡದ ನೆಳ್ಳು ಮಧ್ಯಾಹ್ನ ಬಡಗಣ ಮಕಾ ಬೀಳ್ತೈತಿ, ನಮ್ಮಪ್ಪ ಅಲ್ಲೇ ಬುತ್ತಿ ಬಿಚ್ಚತಾನ” ಎಂದ. ನಾನು ಅವನನ್ನು ಗದರಿಸಿ ಕೂಡ್ರಿಸಿದೆ. ಆ ಹುಡುಗನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ನೋಡಿದ್ದನ್ನು ನೋಡಿದ ಹಾಗೆ ಹೇಳಿದ್ದ, ಅದೇ ವಿಜ್ಞಾನ. ಅದನ್ನು ನಾನೇ ಅದುಮಿಬಿಟ್ಟೆ.

ಮುಂದೆ ನನಗೆ ಪ್ರೌಢಶಾಲೆಗೆ ಬಡ್ತಿಯಾಯಿತು. 2011ರಲ್ಲಿ ಶಿಕ್ಷಣ ಇಲಾಖೆಯವರು ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಎಂಬ ಸಂಸ್ಥೆಯವರು ಕೂಡಿ ವಿಷಯ ಶಿಕ್ಷಕರ ವೇದಿಕೆ ಎಂಬದನ್ನು ಆರಂಭಿಸಿದರು. ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಕಂಪ್ಯೂಟರಿನಲ್ಲಿ ಇ-ಮೇಲ್ ಕಾಗದ ಬರೆದರೆ ಅದು ರಾಜ್ಯದ ತುಂಬ ಆ ವಿಷಯದ ಮಾಸ್ತರರಿಗೆಲ್ಲ ಮುಟ್ಟುವ ವ್ಯವಸ್ಥೆ ಅದು. ಅವರು ತಯಾರಿಸಿದ ಪಾಠಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ತೆಗೆದುಕೊಂಡು ತಿದ್ದಿಕೊಳ್ಳಲು ಬರುವಂತೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಭಂಡಾರವನ್ನೂ ಮಾಡಿದರು. ಮೊದಮೊದಲು ನನಗೆ ಕನ್ನಡ ಅಕ್ಷರ ಒತ್ತಲು ಬರುತ್ತಿರಲಿಲ್ಲ. ಒಂದು ಸಾಲು ಬರೆಯಲು ಅರ್ಧ ತಾಸು ಹಿಡಿಯುತ್ತಿತ್ತು. ಅಲ್ಲಿಯೇ ಒಂದು ದಿನ ನನ್ನ ನೆತ್ತಿಯ ಸೂರ್ಯನ ಪಾಠವನ್ನು ಹೆಮ್ಮೆಯಿಂದ ಬರೆದು ಕಳಿಸಿದೆ. ತೆಂಕಣ ಜಿಲ್ಲೆಯ ಯಾರೋ ಒಬ್ಬ ಶಿಕ್ಷಕಿ ಒಂದೇ ಸಾಲು ಬರೆದರು: “ಸರ್, ಹೊರಗೆ ಹೋಗಿ ಒಂದು ಕೋಲು ನಿಲ್ಲಿಸಿ ನೋಡಿದ್ದೀರಾ?”

ನೋಡಿರಲಿಲ್ಲ. ಮರುದಿನವೇ ಒಂದು ಮೀಟರಿನ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದೆ. ನಿಮಗೆ ಇದು ಗೊತ್ತಿದ್ದದ್ದೇ ಇದೆ, ಆದರೂ ಲೆಕ್ಕ ಹೇಳುತ್ತೇನೆ. ನಮ್ಮ ಈ ಭಾಗದಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡು ಮಧ್ಯಾಹ್ನ ಆ ಕೋಲಿನ ನೆರಳು ಬಡಗಣಕ್ಕೆ 81 ಸೆಂಟಿಮೀಟರ್ ಬೀಳುತ್ತದೆ. ಮಾರ್ಚ್ 21ಕ್ಕೆ 28 ಸೆಂಟಿಮೀಟರ್ ಆಗುತ್ತದೆ. ಜೂನ್ ತಿಂಗಳಿನಲ್ಲಿ ಅದೇ ನೆರಳು ದಿಕ್ಕು ಬದಲಿಸಿ ತೆಂಕಣಕ್ಕೆ ಬೀಳುತ್ತದೆ, ಸುಮಾರು 13 ಸೆಂಟಿಮೀಟರ್. ನೆರಳೇ ಇಲ್ಲದ ದಿನಗಳು ವರ್ಷಕ್ಕೆ ಎರಡೇ: ಒಂದು ಮೇ ಮೊದಲ ವಾರದಲ್ಲಿ, ಇನ್ನೊಂದು ಆಗಸ್ಟ್ 10ರ ಆಸುಪಾಸಿನಲ್ಲಿ. ಆಗಸ್ಟಿನಲ್ಲಿ ಬಹುತೇಕ ಮೋಡವಿರುತ್ತದೆ, ಮೇದಲ್ಲಿ ಸಾಲಿಗೆ ಸೂಟಿ! ಮತ್ತೆ ಆ ಗಳಿಗೆ ಗಡಿಯಾರದ ಹನ್ನೆರಡೂ ಅಲ್ಲ, ನಮ್ಮಲ್ಲಿ ಹನ್ನೆರಡೂವರೆಯ ಸುಮಾರು. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುವ ರೈತನಿಗೆ ಗೊತ್ತಿದ್ದದ್ದು ಪಗಾರ ತೆಗೆದುಕೊಳ್ಳುವ ನನಗೆ ಗೊತ್ತಿರಲಿಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಆ ಶಿಕ್ಷಕಿಯ ಪ್ರಶ್ನೆಯ ಬೆನ್ನಿಗೆ ಇನ್ನೂ ಹತ್ತು ಜನ ಬರೆದರು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈಜಿಪ್ತದ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೋಸ್ಥನೀಸ್ ಎಂಬ ಪಂಡಿತ ಎರಡು ಊರುಗಳ ನೆರಳನ್ನು ಹೋಲಿಸಿ ಭೂಮಿಯ ಸುತ್ತಳತೆಯನ್ನೇ ಕಂಡುಹಿಡಿದನೆಂದು ಒಬ್ಬರು ನೆನಪಿಸಿದರು. ನಾವೂ ಯಾಕೆ ಮಾಡಬಾರದು? ಬೀದರ ಕಡೆಯವರೊಬ್ಬರು, ಚಾಮರಾಜನಗರದ ಕಡೆಯವರೊಬ್ಬರು, ನಡುವೆ ನಾನು. ಮೂರು ಕಡೆಯೂ ಒಂದೇ ಮೀಟರಿನ ಕೋಲು, ಮಾರ್ಚ್ 21ರ ದಿನ, ನೆರಳು ಅತ್ಯಂತ ಗಿಡ್ಡಾಗುವ ಹೊತ್ತು. ಬೀದರದಿಂದ 32 ಸೆಂಟಿಮೀಟರ್ ಎಂದು ಬಂದಿತು, ನಮ್ಮಲ್ಲಿ 28, ಚಾಮರಾಜನಗರದಿಂದ 22. ಮಕ್ಕಳು ಕಾಗದದ ಮೇಲೆ ಕೋಲನ್ನೂ ನೆರಳನ್ನೂ ಬರೆದು ಕೋನಮಾಪಕದಿಂದ ಕೋನ ಅಳೆದರು. ಎರಡು ತುದಿಯ ಊರುಗಳ ನಡುವೆ ಐದೂವರೆ ಅಂಶದ ವ್ಯತ್ಯಾಸ. ಆ ಊರುಗಳ ನಡುವೆ ತೆಂಕು-ಬಡಗಾಗಿ ನೆಲದ ಅಂತರ ಸುಮಾರು 660 ಕಿಲೋಮೀಟರ್. ಐದೂವರೆ ಅಂಶಕ್ಕೆ 660 ಆದರೆ ಪೂರ್ಣ ಸುತ್ತಿನ 360 ಅಂಶಕ್ಕೆ ಎಷ್ಟು? 43,200 ಬಂದಿತು. ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರ್.

ಮೂರು ಸಾವಿರ ಕಿಲೋಮೀಟರ್ ಎಲ್ಲಿಂದ ಹೆಚ್ಚು ಬಂದಿತೆಂದು ಹುಡುಗರು ಬಿಡಲಿಲ್ಲ. ಕಾಗದಗಳು ಹೋದವು, ಬಂದವು. ಕಡೆಗೆ ಚಾಮರಾಜನಗರದವರು ತಮ್ಮ ಕೋಲು ತುಸು ವಾಲಿತ್ತೆಂದು ಒಪ್ಪಿಕೊಂಡರು. ಅಲ್ಲಿ 21 ಬರಬೇಕಾಗಿತ್ತು. ಒಂದು ಸೆಂಟಿಮೀಟರಿನ ತಪ್ಪು ಭೂಮಿಯನ್ನು ಇಷ್ಟು ದೊಡ್ಡದು ಮಾಡುತ್ತದೆಂದು ತಿಳಿದ ಮೇಲೆ ನಮ್ಮ ಹುಡುಗರು ಅಳತೆಯಲ್ಲಿ ಎಂದೂ ಉಡಾಫೆ ಮಾಡಲಿಲ್ಲ. ಈ ಪಾಠವನ್ನು ನಾನೊಬ್ಬನೇ ಎಷ್ಟು ಓದಿದರೂ ಮಾಡಲು ಸಾಧ್ಯವಿರಲಿಲ್ಲ. ದೂರದ ಊರಿನಲ್ಲಿ ಇನ್ನೊಬ್ಬ ಮಾಸ್ತರ ಅದೇ ಹೊತ್ತಿಗೆ ಬಿಸಿಲಿನಲ್ಲಿ ನಿಲ್ಲಲೇಬೇಕಾಗಿತ್ತು.

ಮಾಸ್ತರನಿಂದ ಮಾಸ್ತರ ಕಲಿಯುವದು ಹೊಸ ಸಂಗತಿಯೇನೂ ಅಲ್ಲ. ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ, 1860ರ ದಶಕದಲ್ಲಿಯೇ, ಕನ್ನಡ ಸಾಲಿಗಳ ಮಾಸ್ತರರಿಗಾಗಿ ‘ಮಠಪತ್ರಿಕೆ’ ಹೊರಟಿತ್ತು. ಆಗ ಸಾಲಿಗೆ ಮಠವೆಂದೇ ಹೆಸರು. ಇನ್ನು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿ ಸಾಲಿಗಳನ್ನು ಕಂಡು ಬಂದು ‘ನಲಿಕಲಿ’ಯನ್ನು ಕಟ್ಟಿದರು. ನಿಮ್ಮ ಮಕ್ಕಳು ಒಂದನೆಯ ಇಯತ್ತೆಯಲ್ಲಿ ಕಾರ್ಡು ಹಿಡಿದುಕೊಂಡು ಗುಂಪಿನಲ್ಲಿ ಕುಳಿತು ಕಲಿತದ್ದು ಅದೇ ಪದ್ಧತಿ. ಹಿಂದೆ ಪತ್ರಿಕೆ ಮಾಡಿದ ಕೆಲಸವನ್ನೂ ಪ್ರವಾಸ ಮಾಡಿದ ಕೆಲಸವನ್ನೂ ಇಂದು ವಾಟ್ಸಾಪು, ಟೆಲಿಗ್ರಾಮು, ಯೂಟ್ಯೂಬುಗಳಿಂದ ಮಾಡಿಕೊಳ್ಳಲು ಬರುತ್ತದೆ, ಮನಸ್ಸಿದ್ದರೆ. ಕಡಲೆಗೆ ಕಾಯಿಕೊರಕ ಹುಳ ಬಿದ್ದರೆ ನೀವೂ ಫೋಟೊ ತೆಗೆದು ತಿಳಿದವರಿಗೆ ಕಳಿಸಿ ಔಷಧ ಕೇಳುತ್ತೀರಲ್ಲ, ಹಾಗೆಯೇ ಇದು. ಕೊಡಲಿಕ್ಕೂ ನಮ್ಮಲ್ಲಿ ಸಾಕಷ್ಟಿದೆ. ನರಗುಂದದ ಬಾಬಾಸಾಹೇಬರ 1858ರ ಬಂಡಾಯವನ್ನು ಎಲ್ಲಿಯೋ ಮಲೆನಾಡಿನಲ್ಲಿ ಕಲಿಸುವ ಶಿಕ್ಷಕಿ ನರಗುಂದದ ಗುಡ್ಡವನ್ನೇ ಕಂಡಿರಲಿಕ್ಕಿಲ್ಲ. ಇಲ್ಲಿಯ ಮಾಸ್ತರರು ಗುಡ್ಡ ಹತ್ತಿ ಹತ್ತು ಫೋಟೊ ತೆಗೆದು ನಾಲ್ಕು ಮಾತು ಹೇಳಿ ಕಳಿಸಿದರೆ ಅಲ್ಲಿಯ ಮಕ್ಕಳು ಪುಣ್ಯವಂತರು.

ಈಗ ಹಿರಿಯರ ಸಿಟ್ಟಿನ ಮಾತಿಗೆ ಬರುತ್ತೇನೆ. 2020ರಲ್ಲಿ ಸಾಲಿಗಳು ಮುಚ್ಚಿ ವಿದ್ಯಾಗಮ ನಡೆದಾಗ ಮಾಸ್ತರರು ಗುಡಿಯ ಕಟ್ಟೆಯ ಮೇಲೆ, ಗಿಡದ ಕೆಳಗೆ ಪಾಠ ಹೇಳಿದರು. ಯಾರ ಮನೆಯಲ್ಲಿ ಎಂಥ ಫೋನಿದೆ ಎಂದು ನೋಡಿ ಮಕ್ಕಳ ಗುಂಪು ಮಾಡಿದರು. ಅಂದಿನಿಂದ ಮಾಸ್ತರನ ಕೈಗೂ ಫೋನಿಗೂ ಬಿಡದ ನಂಟು ಬೆಳೆಯಿತು. ಆದರೆ ಅವನ ಫೋನಿನಲ್ಲಿ ಬರುವದೇನು? ಬೆಳಗಿನ ಹೂವಿನ ಚಿತ್ರ, ಹುಟ್ಟುಹಬ್ಬದ ಶುಭಾಶಯ, ಸುಳ್ಳು ಸುದ್ದಿ, ಅವುಗಳ ನಡುವೆ ಬಿಸಿಯೂಟದ ಲೆಕ್ಕ ಕೂಡಲೇ ಕಳಿಸಿರೆಂಬ ಆದೇಶ. ಒಂದು ಒಳ್ಳೆಯ ಪ್ರಶ್ನೆ ಈ ಹೊಟ್ಟಿನಲ್ಲಿ ಕಾಳಿನಂತೆ ಮುಚ್ಚಿ ಹೋಗುತ್ತದೆ. ಆದಕಾರಣ ಮಾಸ್ತರ ಫೋನು ನೋಡುತ್ತಿದ್ದಾನೆಂದರೆ ಆಟವಾಡುತ್ತಿದ್ದಾನೆಂದೇ ತಿಳಿಯಬೇಡಿರಿ, ಕಲಿಯುತ್ತಿದ್ದಾನೆಂದೂ ನಂಬಬೇಡಿರಿ. ಫೋನಿನ ಮೇಲೆ ಬರುವ ತರಬೇತಿಗಳ ಕಥೆಯೂ ಅಷ್ಟೇ. ನಾನೇ ಒಂದು ತರಬೇತಿಯ ವಿಡಿಯೊ ಹಚ್ಚಿಟ್ಟು ಒಳಗೆ ಹೋಗಿ ಊಟ ಮಾಡಿ ಬಂದು ಪ್ರಮಾಣಪತ್ರ ತೆಗೆದುಕೊಂಡಿದ್ದೇನೆ. ಅದರಿಂದ ಕಲಿತದ್ದು ಸೊನ್ನೆ.

ವರ್ಗ ನಡೆದಾಗ ಫೋನು ಚೀಲದಲ್ಲಿರಬೇಕು. ಪಾಠಕ್ಕೇ ಬೇಕಾದಾಗ ಮಾತ್ರ ಹೊರಗೆ ಬರಬೇಕು. ನಿಮ್ಮ ಮಕ್ಕಳ ಮುಖದ ಫೋಟೊವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕಬಾರದು. ಮಗುವಿನ ಪಾಟಿಯ ಮೇಲಿನ ಲೆಕ್ಕದ ಫೋಟೊ ಸಾಕು, ಮುಖ ಬೇಡ. ಈ ಎರಡರಲ್ಲಿ ಸಡಿಲು ಕೊಡಬೇಡಿರಿ. ಆದರೆ ಅಷ್ಟನ್ನೇ ಹಿಡಿದು ಗದರಿಸಿದರೆ, ನಾನು ಆ ಹುಡುಗನನ್ನು ಕೂಡ್ರಿಸಿದಂತೆ ನೀವು ಮಾಸ್ತರನನ್ನು ಕೂಡ್ರಿಸಿದಂತಾಗುತ್ತದೆ. ಶಾಲಾ ಸಮಿತಿಯ ಸಭೆಯಲ್ಲಿ ಗೋಡೆ, ಗೇಟು, ಶೌಚಾಲಯದ ಮಾತು ಮುಗಿದ ಮೇಲೆ ಹತ್ತು ನಿಮಿಷ ಇಟ್ಟುಕೊಂಡು ಕೇಳಿರಿ: “ಈ ತಿಂಗಳ ಬ್ಯಾರೆ ಊರಿನ ಮಾಸ್ತರ ಕಡಿಂದ ಏನ ಕಲತ್ರಿ? ನೀವು ಅವರಿಗೆ ಏನ ಕಲಿಸಿದ್ರಿ? ವರ್ಗದಾಗ ಮಾಡಿ ನೋಡಿದ್ರೇನು?” ಕಲಿಯುವವನಿಗೆ ಈ ಪ್ರಶ್ನೆಯಿಂದ ಹುರುಪು ಬರುತ್ತದೆ. ಉಳಿದವನು ಮುಂದಿನ ತಿಂಗಳಿಗಾದರೂ ಏನಾದರೂ ಹುಡುಕಿಕೊಂಡು ಬರುತ್ತಾನೆ.

ಇನ್ನೊಂದು ಬೇಡಿಕೆ. ಎಷ್ಟೋ ಶಿಕ್ಷಕರು ಇಂಟರ್‌ನೆಟ್ಟಿನ ಖರ್ಚನ್ನು ತಮ್ಮ ಕಿಸೆಯಿಂದಲೇ ಹಾಕಿಕೊಳ್ಳುತ್ತಾರೆ. ಪಂಚಾಯತಿಯ ಕಚೇರಿಗೆ ಭಾರತ್‌ನೆಟ್ಟಿನ ತಂತಿ ಬಂದಿರುವಲ್ಲಿ ಅದನ್ನು ಸಾಲಿಯವರೆಗೆ ಎಳೆಯಿಸಲು ಗ್ರಾಮಸಭೆಯಲ್ಲಿ ಒಂದು ಠರಾವು ಬರೆಯಿಸಿರಿ. ಬರಿ ಬಾಯಿಮಾತಿನಿಂದ ಆಗುವದಿಲ್ಲ, ಪುಸ್ತಕದಲ್ಲಿ ಬರೆಯಿಸಬೇಕು.

ಮಾರ್ಚ್ 21 ದೂರವಿಲ್ಲ. ಮಾಸ್ತರರು ಒಪ್ಪಿದ್ದಾರೆ, ಬೀದರದ ಕಡೆಗೂ ಚಾಮರಾಜನಗರದ ಕಡೆಗೂ ಒಂದೊಂದು ಸಾಲಿಯನ್ನು ಗೊತ್ತುಮಾಡುವ ಕೆಲಸ ನನ್ನದು. ಅಂದು ಹನ್ನೆರಡು ಗಂಟೆಗೆ ಬಿಡುವಿದ್ದವರು ಸಾಲಿಯ ಅಂಗಳಕ್ಕೆ ಬರ್ರಿ. ಕೋಲು ಸಾಲಿಯಲ್ಲಿದೆ. ಅದು ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ನೋಡಲು ಗೌಂಡಿಗಳು ಯಾರಾದರೂ ತಮ್ಮ ತೂಗುಗುಂಡು ತಂದರೆ ಬಹಳ ಉಪಕಾರವಾಗುತ್ತದೆ.