ಮೊತ್ತ ತಾಳೆಯಾಗದಿದ್ದಾಗ

(ಬಿದ್ರಿಯಲ್ಲಿ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಉತ್ಸವದ ದಿನ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ಮಾತನಾಡುವುದು ವಾಡಿಕೆ. ಲೆಕ್ಕದ ಕೋಷ್ಟಕವನ್ನು ಕುರಿತು ಮಾತನಾಡಲು ನಾವು ಎದ್ದು ನಿಂತುದನ್ನು ಕಂಡು ಕೆಲವರಿಗೆ ನಿರಾಶೆಯಾಗಿರಬಹುದು. ಆದರೆ ಹೋದ ವರುಷ ನಮ್ಮ ಸಂಘದೊಳಗೆ ನಡೆದುದನ್ನು ಬಲ್ಲವರು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕ್ಷಮಿಸುವರೆಂದು ನಂಬಿದ್ದೇವೆ. ಸಂಘದ ಲೆಕ್ಕ ಬರೆಯುವ ಹೊಣೆ ಹೊತ್ತವರು ನಾವು, ತಪ್ಪೂ ನಮ್ಮದೇ. ಆದುದರಿಂದ ಅದನ್ನು ಬಾಯಿಬಿಟ್ಟು ಹೇಳುವುದೂ ನಮ್ಮದೇ ಕರ್ತವ್ಯ.

ಲೆಕ್ಕವೆಂದರೆ ನಮ್ಮ ಜನಕ್ಕೆ ಹೊಸದೇನಲ್ಲ. ಇಲ್ಲಿನ ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರಖಾನೆಗೆ ಕಬ್ಬು ಸಾಗಿಸುವ ಮನೆಯವರು ತೂಕದ ಚೀಟಿಯನ್ನು ದರದಿಂದ ಗುಣಿಸಿ ನೋಡದೆ ಮಲಗುವುದಿಲ್ಲ. ಇಚಲಕರಂಜಿಯ ಯಂತ್ರಮಗ್ಗದವರು ನೇಯ್ದ ಬಟ್ಟೆಯ ಅಳತೆಯನ್ನು ಬೆರಳ ತುದಿಯಲ್ಲೇ ಇಟ್ಟುಕೊಂಡಿರುತ್ತಾರೆ. ಕನ್ನಡದಲ್ಲಿ ಗಣಿತವನ್ನು ಹೇಳುವುದೂ ಹೊಸದಲ್ಲ. 12ನೆಯ ಶತಮಾನದಷ್ಟು ಹಿಂದೆಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ನಮ್ಮ ಭಾಷೆಯಲ್ಲಿ ರಚಿಸಿದನು. ಹೊಸದಾದುದು ಇಷ್ಟೇ: ಕೂಡುವ, ಗುಣಿಸುವ ಕೆಲಸವನ್ನು ನಾವೀಗ ಯಂತ್ರಕ್ಕೆ ಒಪ್ಪಿಸಿದ್ದೇವೆ. ಒಪ್ಪಿಸಿದ ಮೇಲೆ ತಿರುಗಿ ನೋಡುವುದನ್ನು ಬಿಟ್ಟೆವು.

ಗಣಕಯಂತ್ರದ ಮೇಲೆ ಲೆಕ್ಕದ ಹಾಳೆಯನ್ನು ಮೊದಲು ಜನಪ್ರಿಯಗೊಳಿಸಿದುದು 1979ರ 'ವಿಸಿಕ್ಯಾಲ್ಕ್'. ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರ್ಯಾಂಕ್‌ಸ್ಟನ್ ಎಂಬಿಬ್ಬರು ಅದನ್ನು ರಚಿಸಿದರು. ಆ ಬಳಿಕ ಬಂದ ಹಾಳೆಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಅವುಗಳಲ್ಲಿ ಸೂತ್ರವು ಅಂಕಿಯ ಬೆನ್ನ ಹಿಂದೆ ಅಡಗಿರುತ್ತದೆ; ಮುದ್ರಿಸಿದ ಕಾಗದದ ಮೇಲೆ ಸಾಮಾನ್ಯವಾಗಿ ಅಂಕಿ ಮಾತ್ರ ಕಾಣುತ್ತದೆ. ಇದು ನಮಗೆ ಸರಿಬೀಳಲಿಲ್ಲ. ಸಭೆಯ ಮುಂದಿಡುವ ಲೆಕ್ಕದಲ್ಲಿ ಮೊತ್ತವು ಹೇಗೆ ಬಂತೆಂಬುದೂ ಕಾಣಬೇಕೆಂದು ನಾವು ಬರಿಯ ಅಕ್ಷರಗಳಿಂದಲೇ ಕಟ್ಟಿದ ಕೋಷ್ಟಕವನ್ನು ಆರಿಸಿಕೊಂಡೆವು. ಸಾಲುಗಳ ನಡುವೆ ನಿಲುಗೆರೆ ಹಾಕಿದರೆ ಅದೇ ಕೋಷ್ಟಕ. ಅದರ ಕೆಳಗೆ, ಟಿ, ಬಿ, ಎಲ್, ಎಫ್, ಎಂ ಎಂಬ ಐದು ಅಕ್ಷರಗಳ ಗುರುತಿನ ಮುಂದೆ, ಸೂತ್ರವನ್ನು ಬಹಿರಂಗವಾಗಿ ಬರೆಯುತ್ತಾರೆ. ಈ ವ್ಯವಸ್ಥೆಯ ಹೆಸರು 'ಆರ್ಗ್'. 2003ರಲ್ಲಿ ಇದನ್ನು ಆರಂಭಿಸಿದ ಕಾರ್ಸ್ಟನ್ ಡಾಮಿನಿಕ್ ಅವರು ವೃತ್ತಿಯಿಂದ ಖಗೋಳ ವಿಜ್ಞಾನಿಗಳು. ಇದು 'ಇಮ್ಯಾಕ್ಸ್' ಎಂಬ ಬರವಣಿಗೆಯ ತಂತ್ರಾಂಶದೊಳಗೆ ನಡೆಯುತ್ತದೆ. ಲೆಕ್ಕ ಮಾಡುವ ಭಾಗವನ್ನು ಡೇವ್ ಗಿಲೆಸ್ಪಿ ಎಂಬವರು ಬರೆದಿದ್ದಾರೆ. ಎಲ್ಲವೂ ಬೆಲೆಯಿಲ್ಲದೆ ದೊರೆಯುತ್ತವೆ ಎಂಬುದು ನಮ್ಮಂಥ ಸಂಘಕ್ಕೆ ಸಣ್ಣ ಮಾತಲ್ಲ.

ಪಗಡೆಯಾಟದಲ್ಲಿ ಹೇಳುವಂತೆ ಕೋಷ್ಟಕದ ಒಂದೊಂದು ಚೌಕವನ್ನೂ ನಾವು 'ಮನೆ' ಎಂದು ಕರೆಯುತ್ತೇವೆ. ಅಡ್ಡವಾದುದು ಸಾಲು, ನೆಟ್ಟಗಿರುವುದು ಅಂಕಣ.

ಈಗ ಹೋದ ವರುಷದ ಸಂಗತಿ. ವರ್ಗಣಿಯ ಕೋಷ್ಟಕವು ಒಟ್ಟು 51,100 ರೂಪಾಯಿ ಎಂದು ತೋರಿಸಿತು. ಕೋಶಾಧ್ಯಕ್ಷರ ಪೆಟ್ಟಿಗೆಯಲ್ಲಿದ್ದುದು 48,650. ಕೊರತೆ 2,450. ರಸೀದಿ ಪುಸ್ತಕಗಳಲ್ಲಿ ಒಂದು ಇಚಲಕರಂಜಿಯಲ್ಲಿತ್ತು. ಅದು ಬರುವ ತನಕ ಕಾಯೋಣವೆಂದು ಒಬ್ಬರೂ ಹೇಳಲಿಲ್ಲ. ಯಂತ್ರವು ಕೂಡುವುದರಲ್ಲಿ ತಪ್ಪೀತೇ ಎಂದು ನಾವೇ ಸಭೆಯಲ್ಲಿ ಕೇಳಿದೆವು. ಹಾಗೆ ಕೇಳಿದ ಮೇಲೆ ಉಳಿದ ಅರ್ಥ ಒಂದೇ. ಯಾರೂ ಕೋಶಾಧ್ಯಕ್ಷರ ಮುಖಕ್ಕೆ ಏನನ್ನೂ ಅನ್ನಲಿಲ್ಲ. ಅನ್ನದೇ ಇದ್ದುದು ಇನ್ನೂ ಕೆಟ್ಟದಾಯಿತು. ಮೂರನೆಯ ದಿನ ಆ ಹಿರಿಯರು ತಮ್ಮ ಸ್ವಂತದ 2,450 ರೂಪಾಯಿಗಳನ್ನು ತಂದು ಪೆಟ್ಟಿಗೆಗೆ ಹಾಕಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದರು.

ಎಂಟನೆಯ ದಿನ ನಮಗೆ ಹಳೆಯ ಗುಮಾಸ್ತರ ಮಾತು ನೆನಪಿಗೆ ಬಂತು. ಕೈಯಿಂದ ಕೀರ್ದಿ ಬರೆಯುತ್ತಿದ್ದವರು ಮೊತ್ತ ತಾಳೆಯಾಗದಿದ್ದರೆ ಎಲ್ಲ ಸಾಲುಗಳನ್ನೂ ಮತ್ತೆ ಕೂಡುತ್ತ ಕೂಡುತ್ತಿರಲಿಲ್ಲ. ಮೊದಲು ವ್ಯತ್ಯಾಸವನ್ನೇ ವಿಚಾರಿಸುತ್ತಿದ್ದರು. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಯಾವುದೋ ಎರಡು ಅಂಕಿಗಳು ಸ್ಥಾನ ಬದಲಿಸಿರಬಹುದು: 450ರ ಬದಲು 540 ಬರೆದರೆ ವ್ಯತ್ಯಾಸ 90. ವ್ಯತ್ಯಾಸದ ಅರ್ಧದಷ್ಟು ಮೊಬಲಗು ಲೆಕ್ಕದಲ್ಲಿ ಎಲ್ಲಿಯಾದರೂ ಇದ್ದರೆ, ಜಮಾ ಆಗಬೇಕಾದುದು ಖರ್ಚಿಗೆ ಬಿದ್ದಿರಬಹುದು. ವ್ಯತ್ಯಾಸದಷ್ಟೇ ಮೊಬಲಗು ಇದ್ದರೆ, ಅದು ಎರಡು ಸಲ ಸೇರಿದೆ ಅಥವಾ ಒಂದು ಸಲವೂ ಸೇರಿಲ್ಲ. ನಮ್ಮ 2,450 ಎಂಬುದು 9ರಿಂದ ಭಾಗವಾಗಲಿಲ್ಲ. ಅದರ ಅರ್ಧ 1,225 ಎಲ್ಲಿಯೂ ಇರಲಿಲ್ಲ. ಆದರೆ 2,450 ಎಂಬುದು ಕೋಷ್ಟಕದ ನಟ್ಟನಡುವೆ ನಮ್ಮನ್ನೇ ನೋಡುತ್ತ ಕುಳಿತಿತ್ತು!

ಗಡಹಿಂಗ್ಲಜದ ಮನೆಗಳ ಪಟ್ಟಿ ಬೇರೆ ಕಾಗದದ ಮೇಲೆ, ತನ್ನದೇ ಒಟ್ಟಿನೊಡನೆ ಬಂದಿತ್ತು. ನಕಲು ಮಾಡಿದ ಹುಡುಗನು ಶ್ರದ್ಧೆಯಿಂದ ಆ ಒಟ್ಟಿನ ಸಾಲನ್ನೂ ನಕಲು ಮಾಡಿದ್ದನು. ನಮ್ಮ ಸೂತ್ರವು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಕೂಡು ಎಂದಿತ್ತು, ಯಂತ್ರ ಕೂಡಿತು. ಮನೆಗಳೂ ಸೇರಿದವು, ಮನೆಗಳ ಒಟ್ಟೂ ಸೇರಿತು. ಹುಡುಗನದು ತಪ್ಪಲ್ಲ, ಒಳಮೊತ್ತ ಬಂದೀತೆಂಬುದನ್ನು ಎಣಿಸದೆ ಸೂತ್ರ ಬರೆದವರು ನಾವು.

ಹಣವನ್ನು ಮರಳಿಸಲು ಕೋಶಾಧ್ಯಕ್ಷರ ಮನೆಗೆ ಹೋದೆವು. ಅವರು ನೋಟುಗಳನ್ನು ಎಣಿಸದೆಯೇ ತೆಗೆದಿರಿಸಿ, "ಹಣ ಬಂತು. ಆ ಎಂಟು ದಿನಗಳನ್ನು ಎಲ್ಲಿ ಜಮಾ ಹಿಡಿಯುತ್ತೀರಿ?" ಎಂದು ಕೇಳಿದರು. ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಅವರು ಚಹ ತರಿಸಿದರು, ಕುಡಿದು ಬಂದೆವು. ಬೀಗದ ಕೈಯನ್ನು ಅವರು ಮತ್ತೆ ತೆಗೆದುಕೊಳ್ಳಲು ಇನ್ನೂ ಎರಡು ತಿಂಗಳು ಹಿಡಿಯಿತು.

ಇಂಥ ಪ್ರಮಾದವು ನಮ್ಮಂಥವರಿಗಷ್ಟೇ ಮೀಸಲೆಂದು ತಿಳಿಯಬೇಕಾಗಿಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ದೇಶಗಳ ಸಾಲವನ್ನು ಕುರಿತು 2010ರಲ್ಲಿ ಪ್ರಕಟಿಸಿದ ಲೇಖನವು ಹಲವು ಸರಕಾರಗಳ ಕಿವಿಗೆ ಬಿದ್ದಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ಅವರ ಲೆಕ್ಕದ ಹಾಳೆಯನ್ನೇ ತರಿಸಿಕೊಂಡು ನೋಡಿದನು. 20 ದೇಶಗಳ ಸಾಲುಗಳನ್ನು ಹಿಡಿಯಬೇಕಾದ ಸರಾಸರಿಯ ಸೂತ್ರವು 15ನ್ನು ಮಾತ್ರ ಹಿಡಿದಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗುಳಿದಿದ್ದವು. ಆ ಲೇಖನದ ಮೇಲೆ ಬೇರೆ ಆಕ್ಷೇಪಗಳೂ ಇದ್ದವು, ಅವು ಪಂಡಿತರ ವಿಷಯ. ನಮ್ಮದರಲ್ಲಿ ಒಂದು ಸಾಲು ಹೆಚ್ಚಾಯಿತು, ಅವರದರಲ್ಲಿ ಐದು ಕಡಿಮೆಯಾದವು. ಹಾಳೆಯನ್ನು ತೆರೆದು ಸೂತ್ರವನ್ನು ನೋಡುವವರೆಗೆ ಎರಡೂ ಕಡೆ ಯಾರಿಗೂ ತಿಳಿಯಲಿಲ್ಲ.

ಅಂದಿನಿಂದ ನಾವು ನಮ್ಮ ಹಳೆಯ ಕೋಷ್ಟಕಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆವು. ಸಿಕ್ಕಿದವುಗಳಲ್ಲಿ ಕೆಲವನ್ನು ಹೇಳುತ್ತೇವೆ. ನಿಮ್ಮ ಮನೆಯಲ್ಲಿ ಲೆಕ್ಕ ಬರೆಯುವ ಮಕ್ಕಳಿಗೆ ಉಪಯೋಗವಾದೀತು.

ಪ್ರವಾಸದ ಬಸ್ಸಿನ ಬಾಡಿಗೆ 2,400 ರೂಪಾಯಿ, ಹೋದವರು 40 ಮಂದಿ. ತಲೆಗೆ 60 ಆಗಬೇಕು. ಯಂತ್ರವು ಬರೆದುಕೊಟ್ಟ ಕೋಷ್ಟಕ ಹೀಗಿತ್ತು:

| ಮನೆ | ಜನ | ಬಾಡಿಗೆ |
|---+---+---|
| ಮೊದಲನೆಯದು | 1 | 60 |
| ಎರಡನೆಯದು | 2 | 30 |
| ಮೂರನೆಯದು | 4 | 15 |
ಸೂತ್ರ: $3=2400/40*$2

ಕುಟುಂಬ ದೊಡ್ಡದಾದಷ್ಟೂ ಬಾಡಿಗೆ ಇಳಿಯುತ್ತ ಹೋಗುವ ಇಂಥ ಬಸ್ಸು ದೊರೆತರೆ ನಾವೆಲ್ಲರೂ ನೆಂಟರಿಷ್ಟರನ್ನು ಕಟ್ಟಿಕೊಂಡೇ ಹೊರಡಬಹುದು! ಇಲ್ಲಿ $3 ಎಂದರೆ ಮೂರನೆಯ ಅಂಕಣ, $2 ಎಂದರೆ ಎರಡನೆಯದು. ಶಾಲೆಯಲ್ಲಿ ಕಲಿತಂತೆ ನಾವು ಎಡದಿಂದ ಬಲಕ್ಕೆ ಓದಿ, ಮೊದಲು ಭಾಗಿಸಿ ಆಮೇಲೆ ಗುಣಿಸುತ್ತೇವೆ. ಆರ್ಗಿನ ಲೆಕ್ಕದ ಭಾಗವು ಗುಣಾಕಾರವನ್ನು ಭಾಗಾಕಾರಕ್ಕಿಂತ ಮೊದಲು ಮಾಡುತ್ತದೆ. ಹಾಗಾಗಿ 40ನ್ನು 4ರಿಂದ ಗುಣಿಸಿ 160 ಮಾಡಿಕೊಂಡು, ಅದರಿಂದ 2,400ನ್ನು ಭಾಗಿಸಿ 15 ಎಂದಿತು. ಒಬ್ಬನೇ ಇರುವ ಮನೆಯಲ್ಲಿ ಉತ್ತರ ಸರಿಯಾಗಿಯೇ ಬಂದುದನ್ನು ಗಮನಿಸಿರಿ. ನಾವು ಪರೀಕ್ಷಿಸಿ ನೋಡಿದ್ದು ಆ ಮೊದಲ ಸಾಲನ್ನು ಮಾತ್ರ. ಸೂತ್ರವನ್ನು (2400/40)*$2 ಎಂದು ಕಂಸದೊಳಗಿಟ್ಟು ಬರೆದರೆ 60, 120, 240 ಎಂದು ಸರಿಯಾಗುತ್ತದೆ. ಕಂಸಕ್ಕೆ ಖರ್ಚಿಲ್ಲ; ಸಂದೇಹವಿದ್ದಲ್ಲೆಲ್ಲ ಹಾಕಬಹುದು.

ಎರಡನೆಯದು ಗಡಿಯಲ್ಲಿರುವ ನಮಗೇ ವಿಶೇಷವಾಗಿ ಅಂಟಿದ ತೊಂದರೆ. ನಮ್ಮ ಪಟ್ಟಿಗಳಲ್ಲಿ ಕನ್ನಡದ ಅಂಕಿ ಬರುತ್ತದೆ, ಅಂಗಡಿಯ ಬಿಲ್ಲಿನಿಂದ ಮರಾಠಿಯ ಅಂಕಿ ಬರುತ್ತದೆ, ಇಂಗ್ಲಿಷಿನದೂ ಬರುತ್ತದೆ. ನಮ್ಮ ಕಣ್ಣಿಗೆ ಮೂರೂ ಅಂಕಿಗಳೇ. ಆದರೆ ಈ ಯಂತ್ರದ ಸೂತ್ರವು ಇಂಗ್ಲಿಷಿನ ಅಂಕಿಯನ್ನು ಮಾತ್ರ ಸಂಖ್ಯೆಯೆಂದು ಒಪ್ಪಿಕೊಳ್ಳುತ್ತದೆ. ಪುಸ್ತಕ ಖರೀದಿಯ ಕೋಷ್ಟಕದಲ್ಲಿ ಒಂದು ಮನೆಯಲ್ಲಿ '೭೫೦' ಎಂದೂ ಇನ್ನೊಂದರಲ್ಲಿ '1,250' ಎಂದೂ ಇತ್ತು. ಮೊತ್ತದ ಮನೆಯಲ್ಲಿ ಸಂಖ್ಯೆ ಬರಬೇಕಾದಲ್ಲಿ ಬೇರೇನೋ ಬಂದಿತು. ಅಷ್ಟಕ್ಕೇ ನಿಲ್ಲಿಸಿ ಕಾರಣ ಹುಡುಕಿದ್ದರೆ ಒಳ್ಳೆಯದಾಗುತ್ತಿತ್ತು. ನಾವು ಕೈಪಿಡಿಯನ್ನು ಅರ್ಧ ಓದಿ, ಸೂತ್ರದ ಕೊನೆಗೆ ಅರ್ಧವಿರಾಮ ಹಾಕಿ 'ಎನ್' ಎಂಬ ಅಕ್ಷರವನ್ನು ಸೇರಿಸಿದೆವು. ಎಲ್ಲ ಮನೆಗಳನ್ನೂ ಸಂಖ್ಯೆಯೆಂದೇ ಓದು, ಸಂಖ್ಯೆಯಲ್ಲದುದನ್ನು ಸೊನ್ನೆಯೆಂದು ಹಿಡಿ ಎಂಬುದು ಅದರ ಅರ್ಥ. ಕೂಡಲೇ ಅಚ್ಚುಕಟ್ಟಾದ ಮೊತ್ತವು ಬಂತು. '೭೫೦' ಸೊನ್ನೆಯಾಗಿತ್ತು; '1,250'ರಲ್ಲಿ ಅಲ್ಪವಿರಾಮದ ಹಿಂದಿನ 1 ಮಾತ್ರ ಉಳಿದಿತ್ತು. ಖರ್ಚು 1,999 ರೂಪಾಯಿ ಕಡಿಮೆಯಾಗಿ ಕಂಡಿತು. ಯಂತ್ರವು ಕೂಗಿ ಹೇಳುತ್ತಿದ್ದ ದೂರನ್ನು ಬಾಯಿಮುಚ್ಚಿಸಿದವರು ನಾವೇ.

ಇದನ್ನು ಕಣ್ಣಳತೆಯಿಂದಲೇ ಹಿಡಿಯಲು ಒಂದು ಉಪಾಯವುಂಟು. ಕೋಷ್ಟಕವನ್ನು ಸರಿಪಡಿಸಿಕೊಂಡಾಗ ಹೆಚ್ಚಿನ ಮನೆಗಳಲ್ಲಿ ಸಂಖ್ಯೆಯಿರುವ ಅಂಕಣವು ಬಲಕ್ಕೆ ಒತ್ತಿ ನಿಲ್ಲುತ್ತದೆ, ಮಾತುಗಳ ಅಂಕಣವು ಎಡಕ್ಕೆ. ಅಂಕಿಗಳ ಅಂಕಣವು ಎಡಕ್ಕೆ ನಿಂತಿದ್ದರೆ ಯಂತ್ರವು ಅದನ್ನು ಮಾತೆಂದು ತಿಳಿದಿದೆ ಎಂದೇ ಅರ್ಥ. ಕನ್ನಡದ ಅಂಕಿಗಳ ಮೇಲೆ ನಮಗಿರುವ ಅಭಿಮಾನವು ಯಾರಿಗೂ ಕಡಿಮೆಯಿಲ್ಲ. ಆದರೂ ಕೂಡುವ ಅಂಕಣದಲ್ಲಿ ಇಂಗ್ಲಿಷಿನ ಅಂಕಿಯನ್ನು ಅಲ್ಪವಿರಾಮವಿಲ್ಲದೆ ಬರೆದು, ದಿನಾಂಕಕ್ಕೂ ಶಿರೋನಾಮೆಗೂ ಕನ್ನಡದ ಅಂಕಿಯನ್ನು ಇರಿಸಿಕೊಂಡಿದ್ದೇವೆ.

ಬರಿದಾದ ಮನೆಯೂ ಮೋಸ ಮಾಡುತ್ತದೆ. 100, 200, ಖಾಲಿ, 300 ಎಂದಿದ್ದರೆ ಸರಾಸರಿ 200 ಬರುತ್ತದೆ, ಏಕೆಂದರೆ ಖಾಲಿಯನ್ನು ಬಿಟ್ಟು ಮೂರರಿಂದಲೇ ಭಾಗಿಸುತ್ತದೆ. ಖಾಲಿಯಲ್ಲಿ 0 ಬರೆದರೆ 150. ಕೊಡಲಿಲ್ಲ ಎಂಬುದೂ ಕೇಳಲಿಲ್ಲ ಎಂಬುದೂ ಬೇರೆ ಬೇರೆಯಷ್ಟೆ.

ಇನ್ನೊಂದು: ಅಂಕಿ ತಿದ್ದಿದ ಮಾತ್ರಕ್ಕೆ ಮೊತ್ತವು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಸೂತ್ರದ ಸಾಲಿನ ಮೇಲೆ ನಿಂತು ಕಂಟ್ರೋಲ್ ಕೀಲಿಯೊಡನೆ ಸಿ ಅಕ್ಷರವನ್ನು ಎರಡು ಸಲ ಒತ್ತಬೇಕು. ಮುದ್ರಣಕ್ಕೆ ಕಳಿಸುವ ಮುನ್ನ ಇದನ್ನು ಮರೆತು, ಹೊಸ ಅಂಕಿಗಳ ಕೆಳಗೆ ಹಳೆಯ ಮೊತ್ತವನ್ನು ಅಚ್ಚು ಹಾಕಿಸಿದ ಕೀರ್ತಿಯೂ ನಮಗೆ ಸಲ್ಲುತ್ತದೆ. ಹಾಗೆಯೇ ಸೂತ್ರದಲ್ಲಿ ಐದನೆಯ ಸಾಲು ಎಂದು ಕ್ರಮಾಂಕ ಹೇಳಿದ್ದು, ಯಾರಾದರೂ ಮೊಬೈಲಿನಲ್ಲಿ ಆ ಕಡತವನ್ನು ತೆರೆದು ಮೇಲೆ ಒಂದು ಸಾಲು ಸೇರಿಸಿದರೆ, ಸೂತ್ರಕ್ಕೆ ಅದು ತಿಳಿಯುವುದಿಲ್ಲ. ಆದ್ದರಿಂದ ನಾವೀಗ ಕ್ರಮಾಂಕವನ್ನು ಬಿಟ್ಟು ಈ ಅಡ್ಡಗೆರೆಯಿಂದ ಆ ಅಡ್ಡಗೆರೆಯವರೆಗೆ ಕೂಡು ಎಂದು ಬರೆಯುತ್ತೇವೆ. ಒಟ್ಟುಗಳೆಲ್ಲ ಗೆರೆಯ ಹೊರಗೆ ನಿಲ್ಲುತ್ತವೆ.

ಎಲ್ಲಕ್ಕಿಂತ ನಮಗೆ ನೆರವಾದುದು ಆರ್ಗಿನೊಳಗೇ ಇರುವ ಶೋಧಕ. ಕಂಟ್ರೋಲ್-ಸಿ ಒತ್ತಿ ಆಮೇಲೆ ಎಡಗಡೆಯ ಬಾಗು ಆವರಣವನ್ನು ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಬಳಿಕ ಒಂದು ಮನೆಯ ಲೆಕ್ಕ ಮಾಡಿಸಿದರೆ, ಮೊದಲು ಸೂತ್ರವನ್ನೂ, ಆಮೇಲೆ ಅದರಲ್ಲಿ ಅಂಕಿಗಳನ್ನು ಇಟ್ಟ ರೂಪವನ್ನೂ, ಕೊನೆಗೆ ಉತ್ತರವನ್ನೂ ತೋರಿಸುತ್ತದೆ. ಒಳ್ಳೆಯ ವಿದ್ಯಾರ್ಥಿ ಪಾಟಿಯ ಮೇಲೆ ಕಚ್ಚಾ ಲೆಕ್ಕ ತೋರಿಸಿದಂತೆ. ಬಲಗಡೆಯ ಬಾಗು ಆವರಣವನ್ನು ಒತ್ತಿದರೆ ಸಾಲು, ಅಂಕಣಗಳ ಕ್ರಮಾಂಕ ಕಾಣುತ್ತದೆ. ವರ್ಗಣಿಯ ಕೋಷ್ಟಕದ ಮೇಲೆ ಇದನ್ನು ನಡೆಸಿದಾಗ ಮನೆಮನೆಯ ಸಣ್ಣ ಸಂಖ್ಯೆಗಳ ಸಾಲಿನ ನಡುವೆ 2450 ಎಂಬುದು ಕುರಿಗಳ ನಡುವಿನ ಎಮ್ಮೆಯಂತೆ ನಿಂತಿತ್ತು. ಮೊದಲ ದಿನವೇ ನೋಡಿದ್ದರೆ ಎರಡು ನಿಮಿಷದ ಕೆಲಸ.

ಈ ವರುಷದ ಜಮಾ-ಖರ್ಚಿನ ಪ್ರತಿಗಳನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಇರಿಸಿದ್ದೇವೆ. ಪ್ರತಿಯೊಂದು ಕೋಷ್ಟಕದ ಕೆಳಗೂ ಸೂತ್ರದ ಸಾಲು ಅಚ್ಚಾಗಿದೆ. ಊಟಕ್ಕೆ ಮುನ್ನ ಕೋಶಾಧ್ಯಕ್ಷರು ಅದನ್ನು ಓದುವರು. ಅವರು ಸೂತ್ರವನ್ನು ಹೇಳುವಾಗ ಮೂರು ನಾಲ್ಕು ಮನೆಯವರಾದರೂ ತಮ್ಮ ಸಾಲನ್ನು ಕೈಯಿಂದ ಗುಣಿಸಿ ನೋಡಬೇಕೆಂದು ಬೇಡುತ್ತೇವೆ. ಪೆನ್ಸಿಲುಗಳೂ ಅಲ್ಲಿಯೇ ಇವೆ.