ಮಿದುಳಿಗೆ ವೈರಸ್ ಹೊಕ್ಕಾಗ ಬ್ರೇಕ್ ಹಾಕೋದು ಯಾರು?

ಇವತ್ತಿನ ಕಂತನ್ನು ಒಂದು ಇಲಿ ಪ್ರಯೋಗದಿಂದ ಶುರು ಮಾಡ್ತೀನಿ. ಎಲ್‌ಸಿಎಂವಿ ಅಂತ ಒಂದು ವೈರಸ್ ಇದೆ. ಬೆಳೆದ, ಆರೋಗ್ಯವಾಗಿರೋ ಇಲಿಯ ಮಿದುಳಿಗೆ ಇದನ್ನು ಚುಚ್ಚಿದರೆ ಮೊದಲ ಕೆಲವು ದಿನ ಏನೂ ಆದ ಹಾಗೆ ಕಾಣಲ್ಲ. ಆರರಿಂದ ಎಂಟು ದಿನದೊಳಗೆ ಫಿಟ್ಸ್ ಬಂದು ಸಾಯುತ್ತೆ. ಈಗ ಅದೇ ವೈರಸ್ಸನ್ನು ಟಿ ಕೋಶಗಳೇ ಇಲ್ಲದ ಇಲಿಗೆ ಚುಚ್ಚಿ. ಅದು ಸಾಯಲ್ಲ! ವೈರಸ್ ಒಳಗೇ ಉಳಿದಿರುತ್ತೆ, ಇಲಿ ಓಡಾಡಿಕೊಂಡಿರುತ್ತೆ.

ಟಿ ಕೋಶ ಅಂದರೆ ನಮ್ಮ ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆ, ಸೋಂಕು ತಗುಲಿದ ಕೋಶವನ್ನು ಹುಡುಕಿ ಕೊಲ್ಲೋದು ಅದರ ಕೆಲಸ. ಹಾಗಾದರೆ ಆ ಇಲಿಯನ್ನು ಕೊಂದದ್ದು ವೈರಸ್ ಅಲ್ಲ, ಕಾಪಾಡೋಕೆ ಬಂದವರೇ. ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಹೊಳೆದ ಹೋಲಿಕೆ ಹೀಗೆ: ಸಾಲ ವಸೂಲಿಗೆ ಹೋದವರು ಬಾಗಿಲು, ಗೋಡೆ ಎಲ್ಲ ಒಡೆದು ಮನೆಯನ್ನೇ ಕೆಡವಿ ಬಂದರಂತೆ.

ಇದೇ ವೈರಸ್ ಮೇಲೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೋಹರ್ಟಿ, ರೋಲ್ಫ್ ಜಿಂಕರ್‌ನಾಗೆಲ್ ಇಬ್ಬರೂ ಕೆಲಸ ಮಾಡಿದರು. ಡೋಹರ್ಟಿ ಪಶುವೈದ್ಯರು ಅನ್ನೋದು ನನಗೆ ತುಂಬ ಇಷ್ಟವಾದ ವಿಷಯ. ಟಿ ಕೋಶ ಸೋಂಕಿತ ಕೋಶವನ್ನು ಹೇಗೆ ಗುರುತು ಹಿಡಿಯುತ್ತೆ ಅಂತ ಅವರು 1974ರಲ್ಲಿ ಪ್ರಕಟಿಸಿದರು, 1996ರಲ್ಲಿ ನೊಬೆಲ್ ಬಂತು. ಆಮೇಲೆ 2009ರಲ್ಲಿ ಅಮೆರಿಕದ ಸಂಶೋಧಕರು ಜೀವಂತ ಇಲಿಯ ಮಿದುಳಿನ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟಿ ಕೋಶಗಳು ಬೇರೆ ಬಿಳಿ ಕಣಗಳನ್ನು ಗುಂಪಾಗಿ ಕರೆಸಿಕೊಳ್ತವೆ, ಅವು ರಕ್ತನಾಳದಿಂದ ಒಮ್ಮೆಲೇ ನುಗ್ಗಿ ಹೊರಗೆ ಬರ್ತವೆ, ನಾಳಗಳು ಸೋರೋಕೆ ಶುರು ಆಗ್ತವೆ.

ಲಿವರ್ ಆದರೆ ಸ್ವಲ್ಪ ಹಾಳಾದರೂ ಬೆಳೆದುಕೊಳ್ಳುತ್ತೆ. ಮಿದುಳಿನ ನರಕೋಶ ಹೋದರೆ ಹೋಯಿತು. ಅದೂ ಅಲ್ಲದೆ ತಲೆಬುರುಡೆಯೊಳಗೆ ಊದಿಕೊಳ್ಳೋಕೆ ಜಾಗ ಎಲ್ಲಿದೆ?

ಹಾಗಂತ ಟಿ ಕೋಶ ಬೇಡವೇ ಬೇಡ ಅನ್ನೋ ಹಾಗಿಲ್ಲ. ಕೆಲವು ವೈರಸ್‌ಗಳು ತಾವೇ ನರಕೋಶವನ್ನು ಕೊಲ್ತವೆ, ಅಲ್ಲಿ ದಾಳಿ ನಿಲ್ಲಿಸಿದರೆ ಇಲಿ ಬೇಗ ಸಾಯುತ್ತೆ. ಬೇಕಿರೋದು ಬ್ರೇಕ್. ಅಯೋವಾದಲ್ಲಿ ಇಲಿಗಳ ಕೊರೊನಾ ವೈರಸ್ ಮೇಲೆ ಕೆಲಸ ಮಾಡಿದವರು 2011ರಲ್ಲಿ ಒಂದು ಸೋಜಿಗದ ಸಂಗತಿ ತೋರಿಸಿದರು. ಸೋಂಕು ತುತ್ತತುದಿಯಲ್ಲಿರುವಾಗ ಅತಿ ಹೆಚ್ಚು ಕೊಲ್ಲುತ್ತಿರೋ ಟಿ ಕೋಶಗಳೇ ಇಂಟರ್‌ಲ್ಯೂಕಿನ್-10 ಅನ್ನೋ ಶಮನಕಾರಿ ಪ್ರೋಟೀನನ್ನೂ ಸುರಿಸ್ತವೆ. ಒಂದೇ ಕಾಲು ಆಕ್ಸಿಲೇಟರ್ ಮೇಲೂ ಇದೆ, ಬ್ರೇಕ್ ಮೇಲೂ ಇದೆ. ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಕಾಯಿಲೆ ಇನ್ನೂ ಜೋರಾಗುತ್ತೆ.

ಇಲಿಗಳ ಕಥೆ ನಮಗೆ ಯಾಕೆ ಅಂತ ಕೇಳ್ತೀರ. ಮಂಡ್ಯ, ಕೋಲಾರ, ಬಳ್ಳಾರಿ, ರಾಯಚೂರು ಕಡೆಯವರಿಗೆ ಮಿದುಳು ಜ್ವರ, ಅಂದರೆ ಜಪಾನೀಸ್ ಎನ್‌ಸೆಫಲೈಟಿಸ್, ಹೊಸ ಹೆಸರಲ್ಲ. ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆಯಿಂದ ಬರುತ್ತೆ. ಮಿದುಳಿಗೆ ಏರಿದವರಲ್ಲಿ ನೂರಕ್ಕೆ 30ರವರೆಗೂ ಸಾಯಬಹುದು. ಬದುಕಿದ ಎಷ್ಟೋ ಮಕ್ಕಳಿಗೆ ಮಾತು, ಕೈಕಾಲು, ಓದು ಮೊದಲಿನಂತೆ ಇರಲ್ಲ. ವೈರಸ್ಸನ್ನೇ ಕೊಲ್ಲೋ ಔಷಧಿ ಇದಕ್ಕೆ ಇಲ್ಲ. ಹಾಗಾಗಿ ವೈದ್ಯರಿಗೆ ಸಹಜವಾಗಿ ಬಂದ ಯೋಚನೆ, ಉರಿಯೂತವನ್ನಾದರೂ ತಗ್ಗಿಸೋಣ ಅಂತ. ಥಾಯ್ಲೆಂಡ್‌ನಲ್ಲಿ 65 ರೋಗಿಗಳ ಮೇಲೆ ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್ ಪರೀಕ್ಷೆ ಆಯಿತು. 1992ರಲ್ಲಿ ಬಂದ ಫಲಿತಾಂಶ: ಪ್ರಯೋಜನ ಇಲ್ಲ. ನಮ್ಮ ದೇಶದ ಮನೇಸರದ ಸಂಶೋಧಕರು 2008ರಲ್ಲಿ ಮಿನೋಸೈಕ್ಲಿನ್ ಅನ್ನೋ ಹಳೇ ಆಂಟಿಬಯಾಟಿಕ್ ಕೊಟ್ಟು ಇಲಿಗಳನ್ನು ಉಳಿಸಿದರು. ಆಮೇಲೆ ಉತ್ತರ ಪ್ರದೇಶದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಅಂಥ ಸ್ಪಷ್ಟ ಲಾಭ ಸಿಗಲಿಲ್ಲ.

ನನ್ನ ಪ್ರಕಾರ ತೊಡಕು ಇರೋದು ಸಮಯದಲ್ಲಿ. ಲ್ಯಾಬಿನಲ್ಲಿ ವೈರಸ್ ಚುಚ್ಚಿದ ದಿನ, ಗಂಟೆ ಎಲ್ಲ ಬರೆದಿಟ್ಟಿರ್ತಾರೆ. ಮಗು ಆಸ್ಪತ್ರೆಗೆ ಬರೋದು ಜ್ವರ ಏರಿ, ಫಿಟ್ಸ್ ಆದ ಮೇಲೆ. ಆ ಹೊತ್ತಿಗೆ ಮಿದುಳೊಳಗೆ ಹಾನಿ ಮಾಡ್ತಿರೋದು ವೈರಸ್ಸೋ, ಕಾವಲುಗಾರರೋ ಅಂತ ಹಾಸಿಗೆ ಪಕ್ಕ ನಿಂತು ಹೇಳೋದು ಕಷ್ಟ.

ಲಸಿಕೆ ಹಾಕಿಸಿದ್ದರೆ ವೈರಸ್ ಮಿದುಳು ಮುಟ್ಟೋ ಮೊದಲೇ, ರಕ್ತದಲ್ಲೇ ಅದನ್ನು ತಡೆಯಬಹುದು. ಜೆಇ ಇರೋ ಜಿಲ್ಲೆಗಳಲ್ಲಿ ಸರ್ಕಾರಿ ಲಸಿಕೆ ಎರಡು ಸಲ, 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಮನೆಯಲ್ಲಿ ಚಿಕ್ಕ ಮಗು ಇದ್ದರೆ ತಾಯಿ ಕಾರ್ಡ್ ತೆಗೆದು ಜೆಇ ಅಂತ ಬರೆದಿರೋ ಜಾಗ ನೋಡಿ. ಖಾಲಿ ಇದ್ದರೆ ನಿಮ್ಮೂರ ಆಶಾ ಅಕ್ಕನ್ನ ಕೇಳಿ.