ದಫ್ತರದ ಭಾಷೆ ಬದಲಾದಾಗ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಇಸ್ಲಾಂ ಹರಡಿದ ಕಥೆಯೆಂದರೆ ಕುದುರೆ, ಕತ್ತಿಗಳ ಕಥೆಯೆಂದೇ ನಾವು ಭಾವಿಸಿರುತ್ತೇವೆ. ಲೇಖನಿ ಹಿಡಿದು ಹೊಟ್ಟೆ ಹೊರೆಯುವವರು ನಮ್ಮಲ್ಲಿ ಹಲವರಿರುವುದರಿಂದ, ಗುಮಾಸ್ತರ ಕಡೆಯಿಂದ ಅದನ್ನೊಮ್ಮೆ ನೋಡೋಣ.

ಅರಬರು 635ರಲ್ಲಿ ಡಮಾಸ್ಕಸ್ ನಗರವನ್ನೂ 637ರ ಸುಮಾರಿಗೆ ಪಾರಸಿಕರ ರಾಜಧಾನಿ ಟೆಸಿಫೋನನ್ನೂ ಹಿಡಿದರು. ರಾಜ್ಯ ಬೇಗ ಬೆಳೆಯಿತು. ಜನರು ಹೊಸ ಧರ್ಮಕ್ಕೆ ಸೇರಿದ್ದು ನಿಧಾನವಾಗಿ, ಶತಮಾನಗಳ ಮೇಲೆ. ಕಂದಾಯದ ಲೆಕ್ಕ ಬಲ್ಲವರು ಹಳೆಯ ಗುಮಾಸ್ತರೇ ಆದುದರಿಂದ ಅವರನ್ನೇ ಉಳಿಸಿಕೊಂಡರು. ಸುಮಾರು 60 ವರ್ಷ ಸಿರಿಯದ ಲೆಕ್ಕ ಗ್ರೀಕಿನಲ್ಲಿ, ಇರಾಕಿನದು ಪಾರಸಿಯಲ್ಲಿ ನಡೆಯಿತು.

697ರ ಸುಮಾರಿಗೆ, ಖಲೀಫ ಅಬ್ದುಲ್ ಮಲಿಕನ ಆಳಿಕೆಯಲ್ಲಿ, ಇರಾಕಿನ ಲೆಕ್ಕ ಅರಬ್ಬಿಗೆ ತಿರುಗಿತು. ಆ ಕೆಲಸ ಮಾಡಿದವನು ಎರಡೂ ಭಾಷೆ ಬಲ್ಲ ಸಾಲಿಹ್ ಎಂಬ ಗುಮಾಸ್ತ. ತನ್ನಿಂದಾಗದೆಂದು ಹೇಳಿಬಿಟ್ಟರೆ ಲಕ್ಷ ದಿರ್ಹಮ್ ಕೊಡುತ್ತೇವೆಂದು ಪಾರಸಿ ಗುಮಾಸ್ತರು ಅವನನ್ನು ಬೇಡಿಕೊಂಡರೆಂದು ಚರಿತ್ರಕಾರ ಬಲಾಧುರಿ ಬರೆದಿದ್ದಾನೆ. ಸಾಲಿಹ್ ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಡಮಾಸ್ಕಸ್ಸಿನ ಸರದಿಯೂ ಬಂತು. ಅಲ್ಲಿನ ಹಿರಿಯ ಅಧಿಕಾರಿ, ಕ್ರೈಸ್ತನಾದ ಸರ್ಜೂನನು, ಬೇರೆ ಕಸುಬು ನೋಡಿಕೊಳ್ಳಿರೆಂದು ತನ್ನವರಿಗೆ ಹೇಳಿದನಂತೆ. ಪರಭಾಷೆಯಲ್ಲಿ ಅರ್ಜಿ ಬರೆದು ಬದುಕುವ ನಮಗೆ ಆ ಮಾತಿನ ಭಾರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸೋತ ಭಾಷೆಗಳು ಕಚೇರಿ ಬಿಟ್ಟು ಪೂರ್ತಿ ಹೋಗಲಿಲ್ಲ. ‘ದಿವಾನ’ ಪಾರಸಿಯ ಶಬ್ದ. ‘ದಫ್ತರ’ದ ಮೂಲ ಗ್ರೀಕಿನ ‘ದಿಫ್ಥೆರ’, ಎಂದರೆ ತೊಗಲು. ಹಿಂದೆ ಬರೆಯುತ್ತಿದ್ದುದು ಅದರ ಮೇಲೆ ತಾನೆ! ಎರಡನ್ನೂ ಅರಬ್ಬಿ ತನ್ನದಾಗಿಸಿಕೊಂಡಿತು. ಮುಂದೆ ದಖ್ಖನದ ಸುಲ್ತಾನರ ಕಚೇರಿಗಳ ಕಾಲದಲ್ಲಿ ಇಂಥ ಮಾತುಗಳು, ಅರಬ್ಬಿಯ ತಾರೀಖು, ವಸೂಲಿ, ಹಾಜರಿಗಳೊಡನೆ, ಪಾರಸಿಯ ಕೈಹಿಡಿದು ಕನ್ನಡಕ್ಕೂ ಬಂದವು. ‘ಗುಮಾಸ್ತ’ ಎಂಬ ನಮ್ಮ ಹೆಸರೂ ಪಾರಸಿಯದೇ.